ಇಲ್ಲೇ ಎಲ್ಲೋ ಇತ್ತು

ಟಿವಿ ನೋಡುವುದು ಒಂದು ಚಟ. ಬಂದದ್ದನ್ನೆಲ್ಲ ರೆಕಾರ್ಡ್ ಮಾಡಿಡುವುದು ಇನ್ನೊಂದು. ನನಗೆ ಅಂಟಿರುವುದು ಮೂರನೆಯದು: ಮಾಡಿಟ್ಟದ್ದರೊಳಗೆ ಸುಮ್ಮನೆ ಅಲೆಯುವುದು.

ನನ್ನ ಕಂಪ್ಯೂಟರಿನ ಪಕ್ಕ ನಾಲ್ಕು ಟೆರಾಬೈಟಿನ ಡಿಸ್ಕೊಂದು ಸಣ್ಣಗೆ ಗುಂಯ್‌ಗುಡುತ್ತ ಕೂತಿದೆ. ಡಿವಿಡಿ ಗುಣಮಟ್ಟದ ಒಂದು ಗಂಟೆಗೆ ಎರಡು ಗಿಗಾಬೈಟು ಎಂದು ಲೆಕ್ಕ ಹಾಕಿದರೆ ಅದರ ಹೊಟ್ಟೆಗೆ ಸುಮಾರು 2000 ಗಂಟೆಯ ಟಿವಿ ಹಿಡಿಯುತ್ತದೆ. ಊಟ ನಿದ್ದೆ ಬಿಟ್ಟು ಕೂತರೂ ನೋಡಿ ಮುಗಿಸಲು 80 ದಿನ ಮೀರುತ್ತದೆ. ಆದ್ದರಿಂದ ಪೂರ್ತಿ ನೋಡುವ ಆಸೆಯನ್ನು ಮೊದಲೇ ಬಿಟ್ಟಿದ್ದೇನೆ. ಬೇಕಾದ್ದು ಸಿಕ್ಕರೆ ಸಂತೋಷ. ಅದು ಸಿಗದೆ ಬೇರೇನೋ ಸಿಕ್ಕರೆ ಇನ್ನೂ ಸಂತೋಷ.

ಇದರಲ್ಲಿ ಹೊಸದು ಟ್ಯೂನರ್ ಕಾರ್ಡಿನಿಂದ ನೇರ ಇಳಿದದ್ದು. ಹಳೆಯದು ಅಪ್ಪನ ವಿಎಚ್‌ಎಸ್ ಕ್ಯಾಸೆಟ್‌ಗಳಿಂದ ಬಂದದ್ದು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಣುಕು ಇರುತ್ತಿತ್ತು. ಅದನ್ನು ಮುರಿದರೆ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಅಪ್ಪ ಶಾಶ್ವತವಾಗಿರಲಿ ಎಂದು ಮುರಿಯುತ್ತಿದ್ದರು. ಅಕ್ಕ ಆ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿ ತನ್ನ ಧಾರಾವಾಹಿ ಹಿಡಿಯುತ್ತಿದ್ದಳು. ಹೀಗಾಗಿ ಜೀರಿಗೆ ಡಬ್ಬಿಯಲ್ಲಿ ಸಾಸಿವೆ ಇರುವಂತೆ, ಲೇಬಲ್ಲಿಗೂ ಒಳಗಿನದಕ್ಕೂ ಸಂಬಂಧವಿಲ್ಲ. ‘ಗೃಹಪ್ರವೇಶ, ಅಳಿಸಬೇಡಿ’ ಎಂದು ಅಪ್ಪನ ದುಂಡು ಅಕ್ಷರದಲ್ಲಿ ಬರೆದ ಕ್ಯಾಸೆಟ್ಟಿನಲ್ಲಿ ಹೋಮದ ಹೊಗೆ ಇನ್ನೂ ಆರಿರುವುದಿಲ್ಲ, ಚಿನ್ನಸ್ವಾಮಿ ಕ್ರೀಡಾಂಗಣ ಬಂದುಬಿಡುತ್ತದೆ. 1996ರ ಮಾರ್ಚ್ 9, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು. ಇಳಿದ ಮೇಲೆ ಹೆಸರಿಡುವ ಶಾಸ್ತ್ರ. ಕಂತುಗಳಿಗೆ 1, 2, 3 ಎಂದು ಹೆಸರಿಟ್ಟರೆ ಅಕ್ಷರ ನೋಡಿ ಜೋಡಿಸುವ ತಂತ್ರಾಂಶಗಳು 1ರ ಪಕ್ಕ 10, 11, 12ನ್ನು ನಿಲ್ಲಿಸಿ ಆಮೇಲೆ 2ನ್ನು ಕರೆಯುತ್ತವೆ. ಅದಕ್ಕೇ 001, 002. ತಾರೀಕು ಬರೆಯುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಹಾಗೆ ಬರೆದರೆ ಕಡತಗಳು ಯಾರೂ ಹೇಳದೆಯೇ ಕಾಲಕ್ರಮದಲ್ಲಿ ಸಾಲಾಗಿ ಕೂರುತ್ತವೆ. ಆ ಸಾಲನ್ನು ನೋಡುವುದರಲ್ಲೇ ಒಂದು ಸುಖವಿದೆ.

ಆದರೆ ನಮ್ಮ ಮನೆಯಲ್ಲಿ ಯಾರೂ ತಾರೀಕು ಹೇಳಿ ಕೇಳುವುದಿಲ್ಲ. ಅಕ್ಕ ಫೋನ್ ಮಾಡಿ, “ಲೋ, ಮದುವೆ ಮುಗಿಯೋವರೆಗೂ ಕಾಗದ ಕೊಡದೆ ಇಟ್ಕೊಂಡಿದ್ದ ಪೋಸ್ಟ್‌ಮ್ಯಾನ್ ಇದ್ದನಲ್ಲ, ಅದು ಹಾಕೋ” ಎನ್ನುತ್ತಾಳೆ. ಅದು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ‘ದಿ ಮಿಸ್ಸಿಂಗ್ ಮೇಲ್’. ಅತ್ತೆಗೆ ಬೇಕಾದ್ದು ‘ಮಾತೇ ಅರ್ಥವಾಗದೆ ದೊರೆ ಹತ್ರ ಯಾಪಾರ ಮುಗಿಸಿದ ಮುದುಕ’. ಅಂದರೆ ಮಣ್ಣಿನ ಕುದುರೆ ಮತ್ತು ಎರಡು ಆಡುಗಳ ಕತೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಕಂತು, ನಿರ್ದೇಶಕ, ವಾಹಿನಿ ಎಂಬ ಕಂಬಸಾಲುಗಳ ಪಕ್ಕ ‘ಮನೆಯವರು ಕರೆಯುವುದು’ ಎಂಬ ಇನ್ನೊಂದಿದೆ. ನಿಜವಾಗಿ ಕೆಲಸಕ್ಕೆ ಬರುವುದು ಅದೊಂದೇ.

ಕಡತ ಸಿಕ್ಕಿತು, ಒಳಗಿನ ಜಾಗ? ಅಲ್ಲಿಗೆ ಕೀಲಿಮಣೆ. ವಿಎಲ್‌ಸಿಯಲ್ಲಿ ಶಿಫ್ಟ್ ಒತ್ತಿ ಬಾಣ ಒತ್ತಿದರೆ ಮೂರು ಸೆಕೆಂಡು, ಆಲ್ಟ್ ಜೊತೆಗೆ ಹತ್ತು, ಕಂಟ್ರೋಲ್ ಜೊತೆಗೆ ಒಂದು ನಿಮಿಷ ಹಾರಬಹುದು. ‘ಇ’ ಅಕ್ಷರ ಒತ್ತಿದರೆ ಒಂದೊಂದೇ ಚಿತ್ರ. ಮೊದಲು ನಿಮಿಷಗಳಲ್ಲಿ ದಾಪುಗಾಲು, ಆಮೇಲೆ ಸೆಕೆಂಡುಗಳಲ್ಲಿ ನಡಿಗೆ, ಕೊನೆಗೆ ಅಂಬೆಗಾಲು. ಆಮಿರ್ ಸೊಹೇಲ್ ಬೌಂಡರಿ ಬಾರಿಸಿ, ಬ್ಯಾಟು ಆ ಕಡೆ ತೋರಿಸಿ ವೆಂಕಟೇಶ್ ಪ್ರಸಾದನನ್ನು ಕೆಣಕಿದ್ದು, ಮುಂದಿನ ಎಸೆತಕ್ಕೇ ಸ್ಟಂಪು ಹಾರಿದ್ದು ಯಾರಿಗೆ ನೆನಪಿಲ್ಲ? ನಮ್ಮ ಟಿವಿ ಸೆಕೆಂಡಿಗೆ 25 ಚಿತ್ರದ್ದು. ಪ್ರಸಾದನ ಕೈಬಿಟ್ಟ ಚೆಂಡು ಸೊಹೇಲನನ್ನು ಮುಟ್ಟಲು ಅರ್ಧ ಸೆಕೆಂಡು ಸಾಕು. ನನಗೆ ಅದು ಹನ್ನೆರಡು ಹದಿನಾಲ್ಕು ಚಿತ್ರಗಳ ಪಯಣ. ಒಂದೊಂದು ಚಿತ್ರವೂ ಬೆಸ, ಸಮ ಗೆರೆಗಳ ಎರಡು ಅರ್ಧಗಳಿಂದ ಆದದ್ದಾದ್ದರಿಂದ ಚೆಂಡಿನ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ಅದನ್ನು ನಯ ಮಾಡುವ ಸೋಸಣಿಗೆಗಳಿವೆ. ನಾನು ಹಾಕುವುದಿಲ್ಲ, ಆ ಹಲ್ಲುಗಳಿಗೂ ವೇಗದ ರುಚಿಯಿದೆ.

ತಾರೀಕೇ ಇಲ್ಲದ ಟೇಪುಗಳೂ ಇವೆ. ಅಲ್ಲಿ ಪತ್ತೇದಾರಿಕೆ ಶುರು. ಮೂಲೆಯಲ್ಲಿ ಈಟಿವಿ ಕನ್ನಡದ ಲಾಂಛನ ಕಂಡರೆ ಅದು ಖಂಡಿತ 2000ದ ಡಿಸೆಂಬರಿನಿಂದೀಚಿನದು. ಬೆಂಗಳೂರಿನ ಸೀರೆ ಅಂಗಡಿಯ ಜಾಹೀರಾತಿನಲ್ಲಿ ಫೋನ್ ನಂಬರಿಗೆ ಏಳೇ ಅಂಕಿ ಇದ್ದರೆ, ಆರಂಭದಲ್ಲಿ ‘2’ ಸೇರಿ ಎಂಟಾಗುವುದಕ್ಕೆ ಮುಂಚಿನದು. ಧಾರಾವಾಹಿ ಮುಗಿದ ಮೇಲಿನ ವಾರ್ತೆಯಲ್ಲಿ ಅಪಹರಣಕ್ಕೊಳಗಾದ ರಾಜ್‌ಕುಮಾರ್ ಇನ್ನೂ ಕಾಡಿನಲ್ಲೇ ಇದ್ದರೆ, 2000ದ ಜುಲೈ 30ರಿಂದ ನವೆಂಬರ್ 15ರ ಒಳಗಿನದು. ಕಥಾನಾಯಕಿ ಸುರಿಸಿದ ಕಣ್ಣೀರಿನಿಂದ ಯಾವ ಕಾಲವೂ ಗೊತ್ತಾಗುವುದಿಲ್ಲ. ಅವಳು ಎಲ್ಲ ಕಾಲದಲ್ಲೂ ಅಳುತ್ತಾಳೆ. ಕಾಲ ಹೇಳುವುದು ಅವಳ ಅಳುವಿನ ನಡುವೆ ಬಂದ ಸೋಪಿನ ಪುಡಿ.

ಕಾರ್ಯಕ್ರಮ ತಪ್ಪೀತೆಂದು ಅಪ್ಪ ಯಾವತ್ತೂ ಮೊದಲೇ ಗುಂಡಿ ಒತ್ತುತ್ತಿದ್ದರು, ಆಫ್ ಮಾಡುವುದಕ್ಕೆ ಮರೆಯುತ್ತಿದ್ದರು. ಹಾಗಾಗಿ ಪ್ರತಿ ರೆಕಾರ್ಡಿಂಗಿಗೂ ಹಿಂದಿನ ಕಾರ್ಯಕ್ರಮದ ಬಾಲ, ಮುಂದಿನದರ ತಲೆ ಅಂಟಿಕೊಂಡಿದೆ: ಕೃಷಿದರ್ಶನದ ಕೊನೆ, ನಾಪತ್ತೆಯಾದವರ ಪ್ರಕಟಣೆ, ಅಡಚಣೆಗಾಗಿ ಕ್ಷಮಿಸಿ ಎಂಬ ಫಲಕ. ಯಾರೂ ಬೇಕೆಂದು ಉಳಿಸದ ಇವುಗಳೇ ನನ್ನ ಭಂಡಾರದ ಒಡವೆ. ಮಿಥ್‌ಟಿವಿಯಂಥ ತಂತ್ರಾಂಶ ನಡುವಿನ ಕಪ್ಪು ತೆರೆಯನ್ನೂ ಲಾಂಛನ ಮಾಯವಾಗುವುದನ್ನೂ ಗಮನಿಸಿ ಜಾಹೀರಾತುಗಳನ್ನು ತಾನೇ ಗುರುತಿಸಬಲ್ಲದು, ದಾಟಿಸಿಬಿಡಬಲ್ಲದು. ನಾನು ಅದನ್ನು ತಿರುಗಿಸಿ ಬಳಸುತ್ತೇನೆ. ಅದು ಗುರುತು ಹಾಕಿದ ಕಡೆಗೇ ಹೋಗುತ್ತೇನೆ, ಧಾರಾವಾಹಿಯನ್ನು ದಾಟಿಸುತ್ತೇನೆ.

ಈ ಹುಚ್ಚಿಗೆ ದೊಡ್ಡ ದೊಡ್ಡ ಪೂರ್ವಜರಿದ್ದಾರೆ. ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, 2012ರಲ್ಲಿ ತೀರಿಕೊಳ್ಳುವವರೆಗೆ, ಮನೆಯಲ್ಲೇ ಹಗಲಿರುಳು ಟಿವಿ ಸುದ್ದಿಯನ್ನು ರೆಕಾರ್ಡ್ ಮಾಡಿದರು. ಸುಮಾರು 70,000 ಕ್ಯಾಸೆಟ್‌ಗಳಾದವು. ಬಿಬಿಸಿ 1960ರ ದಶಕದ ‘ಡಾಕ್ಟರ್ ಹೂ’ ಕಂತುಗಳಲ್ಲಿ ಎಷ್ಟನ್ನೋ ಅಳಿಸಿಹಾಕಿತು. ಆದರೆ ಟಿವಿಯ ಪಕ್ಕ ಟೇಪ್ ರೆಕಾರ್ಡರ್ ಇಟ್ಟ ಅಭಿಮಾನಿಗಳ ದೆಸೆಯಿಂದ, ಕಳೆದುಹೋದ ಕಂತುಗಳೆಲ್ಲದರ ಧ್ವನಿ ಉಳಿದಿದೆ. ಕೆಲವಕ್ಕೆ ಆ ಧ್ವನಿಯ ಮೇಲೆಯೇ ಅನಿಮೇಷನ್ ಕಟ್ಟಿದ್ದಾರೆ. ಅಪ್ಪ ಇವರ ಹೆಸರು ಕೇಳಿರಲಿಲ್ಲ. ಕೇಳಿದ್ದರೆ ಇನ್ನೂ ನಾಲ್ಕು ಕ್ಯಾಸೆಟ್ ತರಿಸುತ್ತಿದ್ದರು.

“ಮಾವ, ಎಲ್ಲಾ ಯೂಟ್ಯೂಬಲ್ಲೇ ಇದೆಯಲ್ಲ” ಎನ್ನುತ್ತಾನೆ ಅಕ್ಕನ ಮಗ. ಇದೆ, ನಿಜ. ಪ್ರಸಾದನ ಆ ಚೆಂಡೂ ಇದೆ. ಆದರೆ ಅಲ್ಲಿ ಹೋಮದ ಹೊಗೆಯಿಂದ ಕ್ರಿಕೆಟ್ ಹುಟ್ಟುವುದಿಲ್ಲ. ಅಲ್ಲಿ ಕೇಳಿದ್ದನ್ನು ಕತ್ತರಿಸಿ ಕೊಡುತ್ತಾರೆ. ಇಲ್ಲಿ ಕೇಳದ್ದೂ ಜೊತೆಗೆ ಬರುತ್ತದೆ. ಹೀಗೆಂದು ಅವನಿಗೆ ವಿವರಿಸುವಷ್ಟರಲ್ಲಿ ಅವನು ಮೌಸ್ ಕಿತ್ತುಕೊಂಡು ಹಳೆಯ ಸ್ಕೂಟರಿನ ಜಾಹೀರಾತೊಂದನ್ನು ಮತ್ತೆ ಮತ್ತೆ ಹಾಕುತ್ತ ನಗುತ್ತಿರುತ್ತಾನೆ.

ಈಗ ಡಿಸ್ಕು ತುಂಬುತ್ತ ಬಂದಿದೆ. ಹೊಸದು ಕೊಳ್ಳುವ ಮಾತೆತ್ತಿದರೆ ಹೆಂಡತಿ, “ಬೇಡದ್ದನ್ನ ಅಳಿಸ್ರೀ ಮೊದಲು” ಎನ್ನುತ್ತಾಳೆ. ಮಾತು ನ್ಯಾಯವಾದದ್ದೇ. ಆದರೆ ಯಾವುದು ಬೇಡ ಎಂದು ತಿಳಿಯಬೇಕಾದರೆ ಮೊದಲು ನೋಡಬೇಕಲ್ಲ! ಆ ಕೆಲಸಕ್ಕೇ ಕೂತಿದ್ದೇನೆ. ಲೆಕ್ಕದ ಪ್ರಕಾರ 80 ದಿನಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ.