ಹುಲಿಯಿಲ್ಲದ ಹುಲಿ ಮೀಸಲಿನ ದಾರಿ

ಈಶಾನ್ಯ ಭಾರತದ ಐಜ್ವಾಲ್‌ನಿಂದ ಪಶ್ಚಿಮಕ್ಕೆ, ವೆಸ್ಟ್ ಫೈಲೆಂಗ್ ಕಡೆಗಿನ ರಸ್ತೆ ಬೆಟ್ಟಗಳನ್ನು ಬಳಸಿ ಇಳಿದು ಮತ್ತೆ ಏರುತ್ತದೆ. ಇಳಿಜಾರುಗಳ ಮೇಲೆ ಒಂದೆಡೆ ಸುಟ್ಟು ಕಪ್ಪಾದ ಹೊಲ, ಪಕ್ಕದಲ್ಲಿ ಬಿದಿರು ಮೆಳೆ, ಅದರಾಚೆ ಮರಗಳೆದ್ದ ಹಳೆಯ ಬೀಳು. ಇದು ಕಾಡು ಸುಟ್ಟು ಬಿತ್ತಿ, ಆಮೇಲೆ ನೆಲವನ್ನು ಬೀಳು ಬಿಡುವ ಝೂಮ್, ಬ್ರಿಟಿಷ್ ಅರಣ್ಯಾಧಿಕಾರಿಗಳು ಕೆನರಾದಲ್ಲಿ ಹತ್ತಿಕ್ಕಿದ ಕುಮರಿ ಬೇಸಾಯದ ದಾಯಾದಿ. ಬಾಂಗ್ಲಾದೇಶದ ಗಡಿಗೆ ತಾಗಿದ ದಂಪಾ ಹುಲಿ ಮೀಸಲಿಗೆ ಹೊರಟವರ ಕಣ್ಣಿಗೆ ಈ ಸುಟ್ಟ ನೆಲವೇ ಕಾಡಿನ ಶತ್ರುವಾಗಿ ಕಾಣುತ್ತದೆ. ನನಗೆ ದಿಗಿಲು ಹುಟ್ಟಿಸಿದ್ದು ಸಾಲು ಹಿಡಿದು ನಿಂತ ಎಣ್ಣೆ ತಾಳೆಯ ಹಸಿರು.

2018ರ ಗಣತಿಯಲ್ಲಿ ದಂಪಾದಲ್ಲಿ ಒಂದು ಹುಲಿಯೂ ಸಿಗಲಿಲ್ಲ. ಹಾಗಿದ್ದರೆ ಮೀಸಲು ಯಾರಿಗೆ? ಇಲ್ಲಿನ ಕ್ಯಾಮೆರಾ ಅಧ್ಯಯನವೊಂದು 100 ಚದರ ಕಿಲೋಮೀಟರಿಗೆ ಸುಮಾರು 5 ಮೋಡಚಿರತೆಗಳಿವೆಯೆಂದು ಅಂದಾಜಿಸಿದೆ. ಇಂಗ್ಲಿಷಿನಲ್ಲಿ ಕ್ಲೌಡೆಡ್ ಲೆಪರ್ಡ್ ಎನ್ನುವ ಈ ಬೆಕ್ಕು 11ರಿಂದ 23 ಕಿಲೋ ತೂಗುತ್ತದೆ. ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಹಿಂಗಾಲಿನ ಪಾದದ ಕೀಲು ತಿರುಗುವುದರಿಂದ ತಲೆ ಕೆಳಗಾಗಿ ಮರದಿಂದ ಇಳಿಯಬಲ್ಲದು. ಅಂಥ ಪ್ರಾಣಿಯನ್ನು ಹುಲಿಯ ಅಳತೆಗೋಲಿನಿಂದ ಅಳೆದು ಮೀಸಲು ಸೋತಿತೆನ್ನುವುದು ಅವಸರದ ತೀರ್ಪು.

ಮೋಡಚಿರತೆ ನೆಲದ ಮೇಲೂ ನಡೆಯುತ್ತದೆ, ಕ್ಯಾಮೆರಾಕ್ಕೆ ಸಿಗುವುದೂ ಕಾಲುದಾರಿಯಲ್ಲೇ, ಮರವಿದ್ದರೇನು ಬಿಟ್ಟರೇನು ಎಂದು ಯಾರಾದರೂ ಕೇಳಬಹುದು. ನಡೆಯುವುದು ನಿಜ. ಆದರೆ ಥೈಲ್ಯಾಂಡ್‌ನಲ್ಲಿ ರೇಡಿಯೋ ಕಾಲರ್ ತೊಟ್ಟವು ಕೂಡ ಹೆಚ್ಚಾಗಿ ದಟ್ಟ ಕಾಡನ್ನೇ ಆರಿಸಿಕೊಂಡವು. ಮರೆ ಬೇಕು, ಕೋತಿ ಮತ್ತು ಕಾಡುಕುರಿಯಂಥ ಬೇಟೆ ಬೇಕು. ತಾಳೆಯ ಬುಡದ ಬೋಳು ನೆಲದಲ್ಲಿ ಇವೆರಡೂ ಕಡಿಮೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ಟಿ. ಆರ್. ಶಂಕರ್ ರಾಮನ್ ಮತ್ತು ಸಂಗಡಿಗರು ದಂಪಾದ ಸುತ್ತ ಹಕ್ಕಿಗಳನ್ನು ಎಣಿಸಿ, ಝೂಮ್ ಬೀಳುಗಳಲ್ಲಿ ತಾಳೆ, ತೇಗದ ತೋಟಗಳಿಗಿಂತ ಹೆಚ್ಚು ಕಾಡುಹಕ್ಕಿಗಳಿವೆ ಎಂದು ತೋರಿಸಿದ್ದಾರೆ. ಹಕ್ಕಿಯ ಲೆಕ್ಕ ಬೆಕ್ಕಿನ ಲೆಕ್ಕವಲ್ಲ, ಒಪ್ಪುತ್ತೇನೆ; ಆದರೂ ಯಾವ ನೆಲ ಮತ್ತೆ ಕಾಡಾಗಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಝೂಮ್ ಬೀಳಿನ ಅವಧಿ ಹಲವೆಡೆ ಕುಗ್ಗಿದೆ ಎಂಬ ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಅದಕ್ಕೆ ಮದ್ದು ಬೀಳನ್ನು ಉದ್ದವಾಗಿಸುವುದು. ವರ್ಷಗಟ್ಟಲೆ ನೆಲ ಬಿಡದ ತಾಳೆಯನ್ನು ತಂದು ನೆಡುವುದು ಬೀಳೆಂಬುದನ್ನೇ ಅಳಿಸಿಬಿಡುತ್ತದೆ.

ಉರುಲು, ಬಂದೂಕಿನ ಅಪಾಯ ಬೇರೆ. ಅದಕ್ಕೆ ಕಾವಲು ಬೇಕು. ಆದರೆ ತಾಳೆಯನ್ನು ಕಾವಲು ತಡೆಯದು; 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಯೋಜನೆ ಈಶಾನ್ಯವನ್ನೇ ಮುಖ್ಯ ಗುರಿಯಾಗಿಸಿಕೊಂಡಿದೆ. ರೈತನಿಗೆ ಆದಾಯ ಬೇಡವೇ ಎಂದರೆ ಖಂಡಿತ ಬೇಕು. ಅದೇ ಹಣದ ಒಂದು ಪಾಲು ಬೀಳು ಬಿಟ್ಟವರಿಗೆ, ಹಳ್ಳಿಯ ಮೀಸಲು ಕಾಡನ್ನು ಉಳಿಸಿಕೊಂಡವರಿಗೆ ಏಕೆ ಸಿಗಬಾರದು? ದಂಪಾದ ಅಂಚಿನ ಹಳ್ಳಿಗಳಿಂದಲೇ ಇದನ್ನು ಶುರುಮಾಡಬಹುದು.