ನಮ್ಮ ತಾತನ ಡಾಡ್ಜ್

ನಮ್ಮ ಮನೆಯಲ್ಲಿ ಒಂದು ಅಮೆರಿಕನ್ ಕಾರಿದೆ ಎಂದರೆ ತರಗತಿಯಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದು ಅವರ ತಪ್ಪೂ ಅಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ಗ್ಯಾರೇಜಿನಲ್ಲಿ ತಗಡು ಕೆಲಸ’ ಎಂದು ಬರೆಯುವವಳು, ಉಪ್ಪಾರಹಳ್ಳಿಯಿಂದ ಕಾಲೇಜಿಗೆ ದಿನವೂ ನಡೆದೇ ಬರುವವಳು, ಇಂಥವಳ ಮನೆಯಲ್ಲಿ ಡಾಡ್ಜ್ ಕಾರು! ಆದರೂ ಮಾತು ನಿಜ. ನಮ್ಮ ಹಿತ್ತಲಿನ ಹುಣಿಸೆ ಮರದ ಕೆಳಗೆ, ಟಾರ್ಪಾಲು ಹೊದ್ದುಕೊಂಡು, 1954ರ ಡಾಡ್ಜ್ ಕಿಂಗ್ಸ್‌ವೇ ಒಂದು ನಿಂತಿದೆ. ನಾನು ಹುಟ್ಟುವುದಕ್ಕೆ ಮೊದಲೇ ಅದು ಓಡುವುದನ್ನು ನಿಲ್ಲಿಸಿತ್ತು. ನಮ್ಮ ಮನೆಯ ಕೋಳಿಗಳು ತಲೆಮಾರುಗಳಿಂದ ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆಯಿಟ್ಟಿವೆ. ನಾನು ಮಗ್ಗಿ ಕಲಿತದ್ದು ಅದರ ಸ್ಟೀರಿಂಗ್ ಹಿಡಿದುಕೊಂಡು.

ಅಮೆರಿಕನ್ ಕಾರು ಎಂದೆನಲ್ಲ, ಆ ಮಾತನ್ನು ಸ್ವಲ್ಪ ತಿದ್ದಬೇಕು. ಅದರ ವಿನ್ಯಾಸ, ಎಂಜಿನ್ನು ಎಲ್ಲ ಅಮೆರಿಕದ ಕ್ರೈಸ್ಲರ್ ಕಂಪನಿಯವು. ಜೋಡಣೆಯಾದದ್ದು ಮಾತ್ರ ಮುಂಬಯಿಯ ಕುರ್ಲಾದಲ್ಲಿ, ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ. ಆ ಕಾರ್ಖಾನೆಯಿಂದ 1947ರಲ್ಲಿ ಮೊದಲುಗೊಂಡು ಡಾಡ್ಜ್, ಪ್ಲಿಮತ್, ಡಿಸೋಟೊ ಎಂಬ ಮೂರು ಹೆಸರಿನ ಕಾರುಗಳು ಹೊರಬಂದವು. ಹೆಸರು ಮೂರಾದ ಮಾತ್ರಕ್ಕೆ ಕಾರೂ ಮೂರು ಬಗೆ ಎಂದು ತಿಳಿಯಬೇಕಾಗಿಲ್ಲ. ಕಿಂಗ್ಸ್‌ವೇ ಎಂಬುದು ಪ್ಲಿಮತ್ ಕಾರಿಗೇ ಡಾಡ್ಜಿನ ಮುಖವಾಡ ತೊಡಿಸಿದ್ದು. ಒಂದೇ ರಾಗಿ ಹಿಟ್ಟಿನಲ್ಲಿ ಮುದ್ದೆಯನ್ನೂ ರೊಟ್ಟಿಯನ್ನೂ ಮಾಡಿದ ಹಾಗೆ.

ಇತಿಹಾಸದ ವಿದ್ಯಾರ್ಥಿನಿಯಾದ್ದರಿಂದ ಇದರ ಹಿಂದಿನ ಕಥೆಯನ್ನು ಹುಡುಕಿದೆ. ಸಿಕ್ಕಿದ್ದು ನಮ್ಮ ವಿಶ್ವೇಶ್ವರಯ್ಯನವರ ಹೆಸರು! ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ನಮ್ಮ ದೇಶದಲ್ಲಿಯೂ ಕಾರು ತಯಾರಾಗಬೇಕೆಂದು ಯೋಜನೆ ಹಾಕಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಕ್ರೈಸ್ಲರ್ ಕಂಪನಿಯೊಡನೆ ಮಾತನಾಡಿದರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿಯೇ ಸ್ಥಾಪಿಸುವ ಮಾತು ಬಂದಾಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರವೂ ಮುಂದೆ ಬಂದಿತು. ಯುದ್ಧದ ಕಾಲ, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೇ ತೆರೆದರು, ಕಾರಿನದು ಮಾತ್ರ ಆಗಲಿಲ್ಲ. ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅಂದಿನವರ ಮನಸ್ಸು ಒಂದಿಷ್ಟು ಬೇರೆಯಾಗಿದ್ದರೆ ನಮ್ಮ ಡಾಡ್ಜಿಗೆ ತೌರೂರು ಬೆಂಗಳೂರಾಗುತ್ತಿತ್ತು, ಇಲ್ಲಿಂದ ಎಪ್ಪತ್ತು ಕಿಲೋಮೀಟರು. ಇದನ್ನು ತಾತನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಆಗಿದ್ರೆ ಸಾಮಾನು ಅಗ್ಗಕ್ಕೆ ಸಿಕ್ತಿತ್ತೇನವ್ವ?”

ಈಗ ತಾತನ ವಿಷಯ. ಅವರು ಹದಿನಾರನೆಯ ವಯಸ್ಸಿಗೆ ಮಂಡಿಪೇಟೆಯ ಒಬ್ಬ ಸಾಹುಕಾರರ ಮನೆಗೆ ಕಾರು ತೊಳೆಯಲು ಸೇರಿದವರು. ತೊಳೆಯುತ್ತ ತೊಳೆಯುತ್ತ ಡ್ರೈವರಾದರು. ಆಗ ಗಾಡಿಗೆ ‘ಎಂ.ವೈ.’ ಎಂದು ಮೊದಲಾಗುವ ಮೈಸೂರು ರಾಜ್ಯದ ಸಂಖ್ಯೆ, ಒಳಗೆ ಆರು ಸಿಲಿಂಡರಿನ ಪೆಟ್ರೋಲು ಎಂಜಿನ್ನು. ನಿಂತಲ್ಲಿ ಓಡುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕು, ಅಷ್ಟು ಮೆತ್ತಗೆ ಎಂದು ತಾತ ಹೇಳುತ್ತಾರೆ. ತಾತನ ಲೆಕ್ಕದಲ್ಲಿ ಲೀಟರಿಗೆ ಆರು ಕಿಲೋಮೀಟರು. 1973ರ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧ ಬಂದು, ಎಲ್ಲಿಯದೋ ಜಗಳಕ್ಕೆ ತುಮಕೂರಿನ ಪೆಟ್ರೋಲು ಬಂಕಿನಲ್ಲಿ ಬೆಲೆ ಏರಿತು. ಸಾಹುಕಾರರು ಚಿಕ್ಕ ಕಾರು ಕೊಂಡರು. ಡಾಡ್ಜನ್ನು ಕೇಳುವವರಿಲ್ಲ. 1974ರಲ್ಲಿ ತಾತ, ಅಜ್ಜಿಯ ಓಲೆ ಮತ್ತು ಸರ ಮಾರಿ, ಮಿಕ್ಕದ್ದನ್ನು ಸಾಲ ಮಾಡಿ, ತಾವು ಹನ್ನೆರಡು ವರ್ಷ ತೊಳೆದ ಗಾಡಿಯನ್ನು ಕೊಂಡುಕೊಂಡರು.

ಕೊಂಡ ವಾರದಲ್ಲೇ ಪೆಟ್ರೋಲು ಎಂಜಿನ್ನನ್ನು ಇಳಿಸಿ, ಕುಣಿಗಲ್ ಕಡೆಯ ಒಬ್ಬ ರೈತರಿಗೆ ಆಲೆಮನೆಯ ಗಾಣ ತಿರುಗಿಸಲು ಮಾರಿದರು. (ಆ ಕಾಲದ ಎಂಜಿನ್ನುಗಳನ್ನು ಪೆಟ್ರೋಲಿನಲ್ಲಿ ಎಬ್ಬಿಸಿ ಅನಂತರ ಸೀಮೆಎಣ್ಣೆಗೆ ತಿರುಗಿಸಿದರೆ ಓಡುತ್ತಿದ್ದವಂತೆ.) ಆ ಹಣಕ್ಕೆ ಇನ್ನಷ್ಟು ಸೇರಿಸಿ, ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನ್ನೊಂದನ್ನು ಹಳೆಯದರಲ್ಲಿ ಕೊಂಡು ಕೂರಿಸಿದರು. ಹೀಗೆ ಮಾಡಿದವರು ತಾತ ಒಬ್ಬರೇ ಅಲ್ಲ; ದೇಶದ ಎಷ್ಟೋ ಊರುಗಳಲ್ಲಿ ಅಮೆರಿಕನ್ ಕಾರುಗಳು ಡೀಸೆಲ್ ಕುಡಿದೇ ಬದುಕಿಕೊಂಡವು. ಭಾರಕ್ಕೆ ಮುಂದಿನ ಸ್ಪ್ರಿಂಗು ಕುಗ್ಗಿತು, ಸದ್ದು ಹಿಟ್ಟಿನ ಗಿರಣಿಯಂತಾಯಿತು, ಲೀಟರಿಗೆ ಹತ್ತು ಕಿಲೋಮೀಟರು ಬಂತು. ಮೇಲೆ ಕ್ಯಾರಿಯರು ಏರಿತು. ಗುಬ್ಬಿಯ ಜಾತ್ರೆ, ಸಿದ್ಧಗಂಗೆಯ ಜಾತ್ರೆ, ಎಡೆಯೂರು, ದೇವರಾಯನದುರ್ಗದ ತಿರುವುಗಳು, ಹೆಬ್ಬೂರಿನ ಮೇಲೆ ಕುಣಿಗಲ್, ಹದಿನೇಳು ವರ್ಷ ಇದೇ ಓಡಾಟ. ಆರು ಜನ ಕೂರುವ ಜಾಗದಲ್ಲಿ ಹನ್ನೊಂದು ಜನ. ಮದುವೆಯ ಹೆಣ್ಣುಗಳು ಕೂತಿದ್ದಾರೆ, ಆಸ್ಪತ್ರೆಯಿಂದ ಹೆಣಗಳೂ ಬಂದಿವೆ. ಹೆಬ್ಬೂರಿನ ಆಚೆ ರಸ್ತೆಯಲ್ಲೇ ಒಂದು ಗಂಡು ಮಗು ಹುಟ್ಟಿತು; ಅವರ ಮನೆಯವರು ಇಂದಿಗೂ ಯುಗಾದಿಗೆ ತಾತನಿಗೆ ಒಂದು ಪಂಚೆ ತಂದುಕೊಡುತ್ತಾರೆ. ಅಪ್ಪ ಮತ್ತು ಇಬ್ಬರು ಅತ್ತೆಯರು ಬೆಳೆದದ್ದು ಈ ಗಾಡಿಯ ಬಾಡಿಗೆಯಿಂದ. 1991ರಲ್ಲಿ ಬಿಡಿಭಾಗ ಸಿಕ್ಕದೆ, ಹೊಸ ಗಾಡಿಗಳ ಮುಂದೆ ಬಾಡಿಗೆಯೂ ಹುಟ್ಟದೆ, ಹುಣಿಸೆ ಮರದ ಕೆಳಗೆ ಬಂದು ನಿಂತಿತು.

ಮಾರ್ಚ್ 2020ರಲ್ಲಿ ಕೊರೋನಾ ಬಂದು ಎಲ್ಲವೂ ಮುಚ್ಚಿದಾಗ ಅಪ್ಪನ ಗ್ಯಾರೇಜೂ ಮುಚ್ಚಿತು. ಕೈ ಸುಮ್ಮನಿರದ ಮನುಷ್ಯ. ಮೂರು ದಿನ ಮನೆಯ ಕೊಡ, ತಪ್ಪಲೆಗಳ ತಗ್ಗುಗಳನ್ನೆಲ್ಲ ತಟ್ಟಿ ಸರಿಮಾಡಿ, ನಾಲ್ಕನೆಯ ದಿನ ಡಾಡ್ಜಿನ ಟಾರ್ಪಾಲು ಎಳೆದರು. ಅಂದಿನಿಂದ ಎರಡು ವರ್ಷ, ಮೊದಲು ದಿನವಿಡೀ, ಆಮೇಲೆ ಭಾನುವಾರಗಳಲ್ಲಿ, ನಾನು ಅವರ ಸಹಾಯಕಿ. ಕಾಲಡಿಯ ತಗಡು ಜರಡಿಯಾಗಿತ್ತು. ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡನ್ನು ಮರದ ಕೊಡತಿಯಿಂದ ಬಡಿದು ಬಾಗಿಸಿ, ಗ್ಯಾಸ್ ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೂಡಿಸಬೇಕು. ಒಂದೇ ಸಲ ಉದ್ದಕ್ಕೆ ಸುಟ್ಟರೆ ತಗಡು ಹಪ್ಪಳದಂತೆ ಏಳುತ್ತದೆ. ಒಳಗಿನಿಂದ ಕಬ್ಬಿಣದ ಡಾಲಿ ಹಿಡಿಯುವುದು ನನ್ನ ಕೆಲಸ, ಹೊರಗಿನಿಂದ ಸುತ್ತಿಗೆ ಅಪ್ಪನದು. ತಗ್ಗು ಹೋಗಿದೆಯೇ ಎಂದು ಅಪ್ಪ ಕಣ್ಣಿನಿಂದ ನೋಡುವುದಿಲ್ಲ, ಕಣ್ಣು ಮುಚ್ಚಿ ಅಂಗೈಯನ್ನು ಮೆಲ್ಲಗೆ ಸವರುತ್ತಾರೆ. ಇಲ್ಲೊಂದು ತಮಾಷೆ ಹೇಳಬೇಕು. ತಗ್ಗು ತುಂಬುವ ಲೇಪಕ್ಕೆ ಗ್ಯಾರೇಜಿನಲ್ಲಿ ಪುಟ್ಟಿ ಎನ್ನುತ್ತಾರೆ. ಮನೆಯಲ್ಲಿ ನನ್ನನ್ನು ಕರೆಯುವುದೂ ಪುಟ್ಟಿ ಎಂದೇ. “ಪುಟ್ಟಿ ಕಡಿಮೆ ಹಾಕಿದಷ್ಟೂ ಕೆಲಸ ಚೆಂದ” ಎಂದು ಅಪ್ಪ ಹೇಳಿದಾಗಲೆಲ್ಲ ನಾನು ಮುಖ ಊದಿಸಿಕೊಳ್ಳುತ್ತಿದ್ದೆ.

ತಾತ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಚಕ್ರ ಬಿಚ್ಚುವಾಗ ಬಲಗಡೆಯವು ಬಂದವು, ಎಡಗಡೆಯವು ಜಪ್ಪಯ್ಯ ಎನ್ನಲಿಲ್ಲ. ಅಪ್ಪ ಸ್ಪ್ಯಾನರಿಗೆ ಪೈಪು ಸೇರಿಸಿ ಅದರ ಮೇಲೆ ನಿಂತೇಬಿಟ್ಟರು. ಆಗ ತಾತ, “ಲೇ, ಮುರಿದೀಯ! ಎಡಗಡೇದು ಬಿಗಿ ಮಾಡೋ ಹಂಗೆ ತಿರುಗ್ಸಿದ್ರೆ ಬಿಚ್ಚೋದು ಕಣ್ಲಾ” ಎಂದರು. ನಿಜವಾಗಿಯೂ ಹಾಗೆಯೇ ಬಂತು. ಓಡುವಾಗ ಚಕ್ರ ತಿರುಗುವ ರಭಸಕ್ಕೆ ನಟ್ಟು ಸಡಿಲವಾಗದಿರಲೆಂದು ಕ್ರೈಸ್ಲರ್ ಕಂಪನಿಯವರು ಎಡಪಕ್ಕದ ಚಕ್ರಗಳಿಗೆ ತಿರುವುಮುರುವಾದ ಮರೆಯನ್ನು ಕೊಡುತ್ತಿದ್ದರಂತೆ. ಬ್ಯಾಟರಿಯೂ ಹಾಗೆಯೇ: ಮೊದಲಿಗೆ ಆರು ವೋಲ್ಟಿನದು, ಅದರಲ್ಲಿಯೂ ಈಗಿನ ಕಾರುಗಳಿಗೆ ವಿರುದ್ಧವಾಗಿ ಧನ ತುದಿಯನ್ನು ಗಾಡಿಯ ಮೈಗೆ ಕಟ್ಟುವುದು. ಡೀಸೆಲ್ ಬಂದಾಗ ಅದನ್ನೆಲ್ಲ ಹನ್ನೆರಡು ವೋಲ್ಟಿಗೆ ಬದಲಾಯಿಸಿದ ತಾತನಿಗೆ ಯಾವ ತಂತಿ ಎಲ್ಲಿ ಹೋಗುತ್ತದೆ ಎಂಬುದು ಇಂದಿಗೂ ಬಾಯಿಪಾಠ. ಓದು ಬರಹ ತಿಳಿಯದ ಮನುಷ್ಯ!

2022ರ ಆಯುಧಪೂಜೆಯ ಹೊತ್ತಿಗೆ ಹಸಿರು ಬಣ್ಣ ಬಳಿದು, ಡಾಡ್ಜಿನ ಟಗರು ಮತ್ತೆ ಬಾನೆಟ್ಟಿನ ಮೇಲೆ ಹೊಳೆಯಿತು. ಮರುವರ್ಷ ಬೆಂಗಳೂರಿನಿಂದ ಹಳೆಯ ಕಾರುಗಳ ಅಭಿಮಾನಿಯೊಬ್ಬರು ಸುದ್ದಿ ತಿಳಿದು ನೋಡಲು ಬಂದರು. ಸಜ್ಜನರು. ಬಾಗಿಲ ಅಂಚುಗಳ ಮೇಲೆ ಬೆರಳಾಡಿಸಿ, “ಇಂಥ ಕೈ ಬೆಂಗಳೂರಲ್ಲೂ ಅಪರೂಪ” ಎಂದು ಅಪ್ಪನಿಗೆ ಹೇಳಿದರು. ಅಪ್ಪ ಆ ರಾತ್ರಿ ಎರಡು ಸಲ ಊಟಕ್ಕೆ ಕೂತರು. ಆದರೆ ಬಾನೆಟ್ಟು ಎತ್ತಿ ನೋಡಿದವರ ಮುಖ ಸಣ್ಣದಾಗಿತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿದೆ. ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ; ಬಾಡಿಗೆಗೆ ಓಡಿಸುವಂತಿಲ್ಲ, ದಿನದ ಓಡಾಟಕ್ಕೂ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ. ಇವೆಲ್ಲ ಸರಿಯೇ. ಮುಖ್ಯವಾದದ್ದು, ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನು ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಮೊದಲಿನ ಎಂಜಿನ್ನೇ ಸಿಕ್ಕಿದರೆ ತಾವೇ ಕೊಳ್ಳುವುದಾಗಿ ಆ ಮಹನೀಯರು ಒಂದು ಮೊತ್ತ ಹೇಳಿದರು. ಅದನ್ನು ಇಲ್ಲಿ ಬರೆಯುವುದು ಬೇಡ. ನಮ್ಮ ಶೀಟಿನ ಸೂರನ್ನು ತಾರಸಿ ಮಾಡಿ, ನನ್ನನ್ನು ಮೈಸೂರಿನಲ್ಲಿ ಎಂ.ಎ.ಗೆ ಓದಿಸಿ, ಮತ್ತೂ ಮಿಗುವಷ್ಟಿತ್ತು ಎಂದರೆ ಸಾಕು.

2024ರ ಬೇಸಿಗೆಯಲ್ಲಿ ಅಪ್ಪನೂ ನಾನೂ ಬೈಕಿನಲ್ಲಿ ಕುಣಿಗಲ್ ಕಡೆಗೆ ಹೊರಟೆವು. ಎಂಜಿನ್ನು ಕೊಂಡ ರೈತರು ತೀರಿಕೊಂಡು ಬಹುಕಾಲವಾಗಿತ್ತು. ಕರೆಂಟು ಬಂದ ಮೇಲೆ ಗಾಣಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಅವರ ಸೊಸೆ, “ಕಬ್ಬಿಣದ ದಿಮ್ಮೀನಾ? ಬಾವಿ ತಾವ ಐತೆ, ಬಟ್ಟೆ ಒಗೀತೀವಿ ಅದರ ಮ್ಯಾಲೆ” ಎಂದರು. ಅರ್ಧ ಮಣ್ಣಿನಲ್ಲಿ ಹುದುಗಿತ್ತು. ಅಪ್ಪ ಎಡಪಕ್ಕದ ಮುಂಭಾಗದಲ್ಲಿ ಸೀಮೆಎಣ್ಣೆ ಹಾಕಿ ಉಜ್ಜಿದರು. ಒಂದೊಂದೇ ಅಂಕಿ ಮೇಲೆ ಬಂತು. ನಾನು ಆರ್.ಸಿ. ಪುಸ್ತಕ ತೆರೆದು ಓದುತ್ತ ಹೋದೆ, ಅಪ್ಪ ಬೆರಳಿಟ್ಟು ತಾಳೆ ನೋಡುತ್ತ ಹೋದರು. ಕೊನೆಯ ಅಂಕಿಯವರೆಗೂ ಅದೇ. ಆ ತಾಯಿಗೆ ಹೊಸ ಒಗೆಯುವ ಕಲ್ಲು ಹಾಕಿಸಿಕೊಟ್ಟು, ಗುಜರಿಯ ಬೆಲೆಯನ್ನೂ ತೆತ್ತು, ಟೆಂಪೋದಲ್ಲಿ ಮನೆಗೆ ತಂದೆವು. ಕಾಲು ಟನ್ನಿಗೂ ಮಿಕ್ಕ ತೂಕ. ಇಳಿಸಲು ಬೀದಿಯವರೆಲ್ಲ ಬಂದರು.

ತಾತ ಅದನ್ನು ಒಂದು ಸಲ ಸುತ್ತಿ ಬಂದರು, ಮುಟ್ಟಲಿಲ್ಲ. ಅಪ್ಪ, “ನಂಬರ್ ಸಮೇತ ಅದೇ ಎಂಜಿನ್ನು ಕಣಪ್ಪ. ಕೂರಿಸಿದ್ರೆ ಮೊದ್ಲು ಹೆಂಗಿತ್ತೋ ಹಂಗೇ ಆಯ್ತದೆ” ಎಂದರು. ತಾತ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಮೊದ್ಲು ಹೆಂಗಿತ್ತು ಗೊತ್ತೇನ್ಲಾ? ಈ ಎಂಜಿನ್ ಇದ್ದಾಗ ಹಿಂದಿನ ಸೀಟಲ್ಲಿ ನಾನು ಒಂದಿನ ಕೂತಿಲ್ಲ. ಬಾಗಿಲು ತೆಗೆದು, ಟವಲ್ಲು ಕಂಕುಳಿಗೆ ಹಾಕ್ಕೊಂಡು ನಿಂತಿರ್ತಿದ್ದೆ. ಡೀಸೆಲ್ ಬಂದ್ಮೇಲೇ ಇದು ನನ್ನ ಗಾಡಿ ಆಗಿದ್ದು. ನೀನು ಯಾರ ಗಾಡಿ ಮಾಡೋಕೆ ಹೊಂಟಿದ್ದೀಯ?”

ಅಪ್ಪನಿಗೂ ಒಂದು ನ್ಯಾಯವಿದೆ. ಮೂವತ್ತು ವರ್ಷ ಲಾರಿಗಳ ತಗ್ಗು ಎತ್ತಿದ ಕೈ ಅದು. ಇವತ್ತು ಎತ್ತಿದ್ದನ್ನು ನಾಳೆ ಯಾವುದಾದರೂ ಲಾರಿ ಗುದ್ದಿಕೊಂಡು ಬರುತ್ತದೆ. ತಾನು ಮಾಡಿದ್ದೆಂದು ನಾಲ್ಕು ಜನ ನಿಂತು ನೋಡುವ ಕೆಲಸ ಅವರ ಜೀವಮಾನದಲ್ಲಿ ಇದೊಂದೇ, ಅದೂ ಅರ್ಧಕ್ಕೆ ನಿಂತಿದೆ. “ನಿನ್ನ ಗಾಡಿ ಅಂತ ಗೊತ್ತು ಕಣಪ್ಪ. ಕೆಲಸ ನಂದಲ್ವಾ?” ಎಂದು ಅವರು ಕೇಳಿದ್ದಕ್ಕೆ ತಾತನಲ್ಲಿಯೂ ಉತ್ತರವಿರಲಿಲ್ಲ. ಅಮ್ಮ ಮಾತ್ರ, ಯಾವ ಎಂಜಿನ್ನಾದರೂ ಇರಲಿ, ಮೊದಲು ಕೋಳಿಗಳಿಗೆ ಒಂದು ಗೂಡು ಮಾಡಿಕೊಡಿ ಎಂದರು.

ಕಳೆದ ವರ್ಷ ಕಾಲೇಜಿನ ಪ್ರವಾಸದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳನ್ನು ನೋಡಿದೆವು. ಗೆಳತಿಯರು ಪಟ ತೆಗೆಸಿಕೊಳ್ಳುತ್ತಿದ್ದಾಗ ನಾನು ಒಂದೊಂದು ಕಾರಿನ ಮುಂದೆಯೂ ನಿಂತು, ಇದರ ಬಾಗಿಲು ತೆಗೆಯುತ್ತಿದ್ದವನು ಯಾರಿರಬಹುದು ಎಂದು ಯೋಚಿಸಿದೆ. ಸರ್ಕಾರದ ನಿಯಮವನ್ನು ನಾನು ಹಳಿಯಲಾರೆ. ಅದಿಲ್ಲದಿದ್ದರೆ ಯಾವ ಡಬ್ಬಿಗೆ ಯಾವ ಎಂಜಿನ್ನು ಬೇಕಾದರೂ ಕೂರಿಸಿ ವಿಂಟೇಜ್ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಆದರೆ ಕಾರ್ಖಾನೆಯ ಬಾಗಿಲು ದಾಟಿದ ದಿನವೊಂದನ್ನೇ ಅದು ಮೂಲ ಎನ್ನುತ್ತದೆ. ತಾತನ ಹದಿನೇಳು ವರ್ಷ ಅದರ ಲೆಕ್ಕದಲ್ಲಿ ಬರೀ ಮಾರ್ಪಾಡು. ಇತಿಹಾಸದ ಉತ್ತರಪತ್ರಿಕೆಯಲ್ಲಿ ನಾನು ಹೀಗೆ ಬರೆದರೆ ನಮ್ಮ ಅಧ್ಯಾಪಕರು ಅಂಕ ಕೊಡುತ್ತಾರೆಯೇ? ಎಂ.ಎ.ಯ ಆಸೆ ನನಗೂ ಉಂಟು. ಆದರೂ ನನ್ನನ್ನು ಕೇಳಿದಾಗ ನಾನು ತಾತನ ಕಡೆಗೇ ಹೇಳಿದೆ. ಅಪ್ಪ ಎರಡು ದಿನ ಮಾತನಾಡಲಿಲ್ಲ.

ಮೂರನೆಯ ದಿನ ಅವರು ಆ ಎಂಜಿನ್ನನ್ನು ಎರಡು ದಿಮ್ಮಿಗಳ ಮೇಲೆ ಕೂರಿಸಿ ಬಿಚ್ಚತೊಡಗಿದರು. ಕೂರಿಸುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ ಎಂದರು. ಆಮೇಲೆ ಪ್ರತಿ ರಾತ್ರಿ ಆರು ಸಿಲಿಂಡರುಗಳಿಗೂ ಎಣ್ಣೆ ಹೊಯ್ದು ಮಲಗುವುದು ರೂಢಿಯಾಯಿತು. ಈ ಲೇಖನ ಬರೆಯುವ ಹೊತ್ತಿಗೆ ಮುಂದಿನ ನಾಲ್ಕು ಪಿಸ್ಟನ್ನುಗಳು ಹೊರಬಂದಿವೆ. ಐದನೆಯದೂ ಆರನೆಯದೂ ಕದಲಿಲ್ಲ. ನಿನ್ನೆ ಸಂಜೆ ತಾತ ಕಟ್ಟೆಯಿಂದ ಇಳಿದು ಬಂದು, ಒಳಗಿನ ತಗಡಿನ ಕೊಳವೆಗೆ ತುಕ್ಕು ಹಿಡಿದರೆ ಹಿಂದಿನ ಸಿಲಿಂಡರುಗಳಿಗೆ ನೀರು ಮುಟ್ಟುವುದಿಲ್ಲವೆಂದೂ, ಆ ಎರಡು ಸಾಹುಕಾರರ ಕಾಲದಲ್ಲಿಯೇ ಕಾಯುತ್ತಿದ್ದವೆಂದೂ ಹೇಳಿ, ಸುತ್ತಿಗೆ ಹಿಡಿದಿದ್ದ ಅಪ್ಪನ ಕೈಯನ್ನು ತಡೆದರು. “ಬಡೀಬೇಡ. ಇನ್ನೊಂದು ವಾರ ಎಣ್ಣೆ ಕುಡೀಲಿ” ಎಂದರು.