ಸಹಿ ಯಾರದು?

"ಬೆಂಗಳೂರಾಗ ಇರ್ತಿ, ನಾಕ ಮಂದಿ ಜೋಡಿ ಮಾತಾಡ್ತಿ. ಈ ಕೂಸಿಗೆ ಏನ್ ಮಾಡೂದು ಹೇಳೋ ತಮ್ಮಾ."

ತಿಕೋಟಾದಲ್ಲಿ ಅಕ್ಕ ಹೀಗೆ ಕೇಳಿದಾಗ ನನ್ನ ಬಾಯಿ ಕಟ್ಟಿತು. ಹುಡುಗ ಅಂತ ಬೆಳೆಸಿದ, ದಿನಾ ಬಸ್ ಹತ್ತಿ ವಿಜಯಪುರಕ್ಕೆ ಪಿಯುಸಿಗೆ ಹೋಗೋ ಹದಿನಾರರ ಕೂಸು, 'ನಾನು ಹುಡುಗಿ' ಅಂದಿದೆ. ಮಾಮಾ ಎಳಕೊಂಡು ಹೋಗಿ ಕೂದಲು ಬೋಳಿಸಿಕೊಂಡು ಬಂದಿದ್ದಾರೆ. ಬಬಲೇಶ್ವರದ ದೊಡ್ಡವ್ವ ಫೋನ್ ಮಾಡಿ, "ಎಲ್ಲವ್ವ ಬಂದಾಳ, ಸವದತ್ತಿಗೆ ಒಯ್ದು ಮುತ್ತು ಕಟ್ಟಸ್ರಿ" ಅಂದಿದ್ದಾಳೆ. ಜೋಗಪ್ಪಗಳನ್ನ ನೋಡುತ್ತ ಬೆಳೆದವರು ನಾವು. ಇಂಥವರು ಇರ್ತಾರೆ ಅನ್ನೋದು ನಮ್ಮ ಕಡೆ ಹೊಸದಲ್ಲ. ಆದರೆ ಮುತ್ತು ಕಟ್ಟಿದ ಮೇಲೆ ಪಿಯುಸಿ ಗತಿ?

ಹಿಂದಿನ ತಿಂಗಳಷ್ಟೇ ಆಫೀಸಿನ ಊಟದ ಟೇಬಲ್ಲಿನಲ್ಲಿ ಇದೇ ವಿಷಯಕ್ಕೆ ನಾನು ಜೋರು ದನಿಯಲ್ಲಿ ವಾದ ಮಾಡಿದ್ದೆ. ಹದಿನೆಂಟರೊಳಗಿನ ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಹಾರ್ಮೋನ್ ಕೊಡಬಾರದು ಅನ್ನೋ ಟೆನೆಸ್ಸೀ ರಾಜ್ಯದ ಕಾನೂನನ್ನ ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ 18ರಂದು ಎತ್ತಿಹಿಡಿದಿತ್ತು. 'ಸರ್ಕಾರ ಯಾರ್ರೀ ಕೇಳೋಕೆ?' ಅಂದಿದ್ದೆ. ಈಗ ಅಕ್ಕನ ಕಟ್ಟೆ ಮೇಲೆ ಕೂತು ಫೋನಿನಲ್ಲಿ ನಮ್ಮ 2019ರ ಕಾಯ್ದೆ ತೆರೆದೆ. ಆಪ್ತಸಲಹೆ, ಹಾರ್ಮೋನ್ ಚಿಕಿತ್ಸೆ ಒದಗಿಸೋದು ಸರ್ಕಾರದ ಕೆಲಸ ಅಂತ ಬರೆದಿದೆ. ಗುರುತಿನ ಪ್ರಮಾಣಪತ್ರಕ್ಕೆ ಮಾತ್ರ, ಹದಿನೆಂಟು ತುಂಬದಿದ್ದರೆ ಅಪ್ಪ-ಅಮ್ಮ ಅಥವಾ ಪೋಷಕರೇ ಅರ್ಜಿ ಹಾಕಬೇಕು. ಅಂದರೆ ಅಕ್ಕನದೋ ತಲೆ ಬೋಳಿಸಿದ ಮಾಮಾನದೋ ಸಹಿ ಬೇಕು! ಈ ಮನೆಗೆ ಟೆನೆಸ್ಸೀಯೂ ಅವರೇ, ಸುಪ್ರೀಂ ಕೋರ್ಟೂ ಅವರೇ.

ಸರ್ಕಾರ ಎಲ್ಲರಿಗೂ ಸೇರಿಸಿ ಒಂದೇ ಬೀಗ ಹಾಕೋದು ತಪ್ಪು ಅಂತ ಇವತ್ತಿಗೂ ನಂಬ್ತೀನಿ. ಆದರೆ ಅಕ್ಕನ ಹೆದರಿಕೆಯೂ ದಡ್ಡತನವಲ್ಲ. "ಔಷಧ ತಗೊಂಡು ನಾಳೆ ಬ್ಯಾಡ ಅನಸಿದ್ರ?" ಅಂತಾಳೆ. ಹಾರ್ಮೋನಿನ ಕೆಲವು ಬದಲಾವಣೆ ವಾಪಸ್ ಆಗೋದಿಲ್ಲ, ನಿಜ. ಅದಕ್ಕೇ ಅವಸರ ಮಾಡದೆ ಕೂತು ಕೇಳೋ ಡಾಕ್ಟರು ಬೇಕು. ಬೀಗ ಆ ಕೆಲಸ ಮಾಡೋದಿಲ್ಲ.

ಒಳಗೆ ಹೋಗಿ, "ನಿನಗೇನು ಬೇಕು?" ಅಂತ ಕೇಳಿದೆ. ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ.

"ಮೊದಲ ನನ್ನ ಕೂದಲಾ ಬೆಳಸಾಕ ಬಿಡ್ರಿ, ಮಾಮಾ. ಕಾಲೇಜ್ ಬಿಡಸಬ್ಯಾಡ್ರಿ."

ಮುಂದಿನ ಸೋಮವಾರ ವಿಜಯಪುರದಲ್ಲಿ ಒಬ್ಬ ಮನೋವೈದ್ಯರನ್ನ ಕಾಣೋಣ ಅಂತ ಅಕ್ಕ ಒಪ್ಪಿದಳು. ಅವಳ ಗಂಡ ಬರ್ತೀನಿ ಅನ್ನಲಿಲ್ಲ. ಹೋಗಬ್ಯಾಡ್ರಿ ಅಂತಾನೂ ಅನ್ನಲಿಲ್ಲ. ಸೋಮವಾರಕ್ಕೆ ನಾನು ರಜೆ ಹಾಕಿದೀನಿ.